ಫೋನಿನಲ್ಲಿ ಕಳೆದುಹೋದ ಏಳು ಅಂಗಿಗಳು

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳುವ ಅಂತ ಇಟ್ಟುಕೊಂಡರೆ ಅಷ್ಟರೊಳಗೆ ಅದನ್ನು ಯಾರದ್ದಾದರೂ ತಲೆಗೆ ಕಟ್ಟಿಬಿಡುವ ಜಾತಿ ನನ್ನದು. ಏಳು ಮಂದಿ ಗಂಡಸರ ಎದೆ, ಹೊಟ್ಟೆ, ಹೆಗಲು, ಕುತ್ತಿಗೆ, ತೋಳು ಎಲ್ಲವನ್ನೂ ಮೊಗ್ರಾಲಿನ ಬಸ್‌ಸ್ಟಾಪಿನಲ್ಲಿ ನಿಂತು ಒಂದೇ ಬೆರಳಿನಲ್ಲಿ ಅಳಿಸಿ ಹಾಕಿದವನು ನಾನು. ಅಳಿಸುವ ಮೊದಲು ಫೋನು ಕೇಳಿತ್ತು, ಖಂಡಿತವಾ ಅಂತ. ಖಂಡಿತ ಅಂತ ಒತ್ತಿದೆ. ಜೀವಮಾನದಲ್ಲಿ ನಾನು ಬೇರೆ ಯಾವುದನ್ನೂ ಅಷ್ಟು ಖಂಡಿತವಾಗಿ ಹೇಳಿದವನಲ್ಲ.

ಡಿಗ್ರಿ ಮುಗಿದು ವರ್ಷ ಆಗಿತ್ತು. ಡೇಟಾ ಪುಕ್ಕಟೆಗೆ ಸಿಗಲು ಶುರುವಾಗಿದ್ದ ಕಾಲ. ಕೆಲಸ ಇರಲಿಲ್ಲ, ಆದರೆ ಕೆಲಸಕ್ಕೆ ತಯಾರಾಗುವ ಕೆಲಸ ಬೇಕಾದಷ್ಟಿತ್ತು. ನೀರು ಕುಡಿಯಲು ನೆನಪಿಸುವ ಆ್ಯಪು ಒಂದು. ಎಷ್ಟು ಹೆಜ್ಜೆ ನಡೆದೆ ಅಂತ ಹೇಳುವುದು ಇನ್ನೊಂದು. ಇಪ್ಪತ್ತೈದು ನಿಮಿಷ ಓದು, ಐದು ನಿಮಿಷ ವಿಶ್ರಾಂತಿ ಅಂತ ಗಂಟೆ ಹೊಡೆಯುವುದು ಮತ್ತೊಂದು. ನನಗೆ ಆ ಐದು ನಿಮಿಷ ಮಾತ್ರ ಸರಿಯಾಗಿ ಬರುತ್ತಿತ್ತು. ಪ್ರತಿ ಸೋಮವಾರ ಹೊಸ ಪಟ್ಟಿ, ಹೊಸ ಬಣ್ಣ. ಬುಧವಾರ ಅದಕ್ಕಿಂತ ಒಳ್ಳೆಯ ಆ್ಯಪು ಸಿಗುತ್ತಿತ್ತು, ಗುರುವಾರ ಪೂರ್ತಿ ಇದರಿಂದ ಅದಕ್ಕೆ ಸಾಗಾಟ.

ಫೋನಿನ ಗಂಟೆ ನನ್ನನ್ನು ಎಬ್ಬಿಸುತ್ತಿರಲಿಲ್ಲ. ಅದಕ್ಕೆ ಎಲ್ಲ ಗಂಟೆಗಳಿಗೂ ನಮ್ಮ ಹಳೆ ಹೆಡ್‌ಮಾಸ್ಟರರ ಧ್ವನಿಯಲ್ಲಿ ನಾನೇ ರೆಕಾರ್ಡ್ ಮಾಡಿ ಇಟ್ಟಿದ್ದೆ. "ಏಳೋ ಕತ್ತೆ, ಮೂರನೇ ಬೆಂಚಿನವನೇ!" ಮೊದಲ ದಿನ ನಾನು ಏಳಲಿಲ್ಲ. ಅಮ್ಮ ಅಡಿಗೆ ಕೋಣೆಯಿಂದ ಸೆರಗು ಸರಿಮಾಡಿಕೊಂಡು ಓಡಿ ಬಂದು ಜಗಲಿಗೆ ಕುರ್ಚಿ ಹಾಕಿದ್ದರು.

ಊರಿನಲ್ಲಿ ನಾನು ಅನುಕರಿಸದ ಮನುಷ್ಯ ಇರಲಿಲ್ಲ. ಕೂತಲ್ಲಿ ಕೂರಲಾಗದ ದೇಹಕ್ಕೆ ಇನ್ನೊಬ್ಬರ ಹಾಗೆ ಕೂರುವುದೇ ಒಂದು ಉಪಾಯ.

ಅಕ್ಕನ ಅಂಗಡಿ ಹೈವೇ ಬದಿಯಲ್ಲಿತ್ತು. ಒಂದು ಶಟರು, ಒಂದು ಮೆಷಿನು, ಕಟ್ಟಿಂಗ್ ಟೇಬಲ್ಲು, ಟ್ರಯಲಿಗೆ ಒಂದು ಪರದೆ. ಬೋರ್ಡಿನಲ್ಲಿ ಮಲಯಾಳದಲ್ಲೂ ಕನ್ನಡದಲ್ಲೂ ಲೇಡೀಸ್ ಟೈಲರ್ ಅಂತ. ರವಿಕೆ, ಚೂಡಿದಾರ. ಅವಳಿಗೆ ಗಂಡಸರ ಅಂಗಿ ಹೊಲಿಯುವ ಆಸೆ. ಕಲಿತಿದ್ದಳು ಕೂಡ, ಆದರೆ ನಮ್ಮಲ್ಲಿ ಹೆಂಗಸಿನ ಹತ್ತಿರ ಅಂಗಿ ಹೊಲಿಸುವ ಗಂಡಸು ಇನ್ನೂ ಹುಟ್ಟಿರಲಿಲ್ಲ.

ಎದುರಿಗೇ ರಿಕ್ಷಾ ಸ್ಟ್ಯಾಂಡು. ಏಳು ರಿಕ್ಷಾ, ಏಳು ಡ್ರೈವರುಗಳು. ಅವರಲ್ಲಿ ಹಿರಿಯರೊಬ್ಬರನ್ನು ಎಲ್ಲರೂ ಅಧ್ಯಕ್ಷರು ಅಂತ ಕರೆಯುತ್ತಿದ್ದರು. ಅಧ್ಯಕ್ಷರು ಜಗಳಕ್ಕೆ ಮಲಯಾಳ, ಚೌಕಾಸಿಗೆ ಕನ್ನಡ, ಮೆಚ್ಚಿಕೊಳ್ಳಲು ತುಳು ಬಳಸುತ್ತಿದ್ದರು. ಅವರ ತುಳು ಕೇಳಿದವರು ಕಡಿಮೆ. ಕುಂಬಳೆಯ ಟೈಲರು ಹೊಲಿದ ಖಾಕಿ ಅಂಗಿ ಏಳು ಮಂದಿಗೂ ಕಂಕುಳಲ್ಲಿ ಬಿಗಿ, ಬೆನ್ನಲ್ಲಿ ಗಿಡ್ಡ. ದಿನಾ ಅದನ್ನು ಕೇಳಿ ಕೇಳಿ ಒಂದು ದಿನ ಅಕ್ಕ ರಸ್ತೆ ದಾಟಿ ಹೋಗಿ, "ನಾನು ಹೊಲಿದು ಕೊಡ್ತೇನೆ" ಅಂದುಬಿಟ್ಟಳು.

ಅಧ್ಯಕ್ಷರು ಕನ್ನಡದಲ್ಲೇ ಕೇಳಿದರು, "ತಂಗೀ, ರವಿಕೆಗೆ ಕಾಲರ್ ಇಟ್ಟ ಹಾಗೆ ಅಂತ ಮಾಡಿದ್ದಾ? ಗಂಡಸರ ಅಳತೆ ಹೆಂಗಸರಿಗೆ ಸಿಗುವುದಿಲ್ಲ."

"ಒಂದೊಂದು ಹೊಲಿಯುತ್ತೇನೆ. ಸರಿ ಆಗದಿದ್ದರೆ ಬಿಡಿ ಅಣ್ಣ."

"ಹಾಗಾದರೆ ಒಮ್ಮೆ ಅಳತೆ, ಒಮ್ಮೆ ಟ್ರಯಲ್. ಮೂರನೇ ಸಲ ನಮ್ಮನ್ನು ಕರೆಯಬಾರದು. ಸರಿಯಾದರೆ ಇನ್ನೊಂದೊಂದು ಅಂಗಿ, ಪ್ಯಾಂಟು, ಎಲ್ಲ ಇಲ್ಲೇ. ಇಲ್ಲದಿದ್ದರೆ ಕುಂಬಳೆ."

ಅಳತೆಯ ದಿನ ಏಳು ಮಂದಿಯೂ ಸಾಲಾಗಿ ಬಂದರು. ಹೆಂಗಸು ಟೇಪು ಹಿಡಿದು ಹತ್ತಿರ ಬಂದದ್ದೇ ತಡ, ಒಬ್ಬೊಬ್ಬರೂ ಉಸಿರು ಹಿಡಿದು ಹೊಟ್ಟೆ ಒಳಗೆ ಎಳೆದುಕೊಂಡು ಸೈನಿಕರ ಹಾಗೆ ನಿಂತರು. ಅಕ್ಕ ಸುಮ್ಮನೆ ಒಂದೂವರೆ ಎರಡು ಇಂಚು ಸೇರಿಸಿ ಹೇಳುತ್ತಿದ್ದಳು. ಮೊದಲಿನವನ ಅಳತೆಗೇ ಬರೆಯಲು ಪುಸ್ತಕ ತೆಗೆದಿದ್ದಳು. ಅವಳ ಪುಸ್ತಕದಲ್ಲಿ ಪ್ರತಿ ಅಳತೆಯ ಪಕ್ಕ ಬಟ್ಟೆಯ ತುಂಡು ಪಿನ್ ಮಾಡಿರುತ್ತದೆ. ನಾನು ಅದನ್ನು ಮುಚ್ಚಿದೆ.

"ಎಂತ ಅಕ್ಕ, ಯಾವ ಕಾಲದಲ್ಲಿ ಇದ್ದಿ? ನೀನು ಹೇಳು, ನಾನು ಫೋನಿನಲ್ಲಿ ಹಾಕ್ತೇನೆ. ಹೆಸರು ಒತ್ತಿದರೆ ಅಳತೆ ಬರ್ತದೆ, ಹೊಲಿದು ಕೊಡುವ ದಿನ ಗಂಟೆ ಹೊಡೀತದೆ."

"ಅದರಲ್ಲಿ ಉಳೀತದಾ?"

"ಉಳಿಯದೆ ಎಲ್ಲಿಗೆ ಹೋಗ್ತದೆ?"

ಹೊಟ್ಟೆ ದೊಡ್ಡದಿದ್ದ ಡ್ರೈವರಣ್ಣನ ಸರದಿಯಲ್ಲಿ, ಅಕ್ಕ ಅಂಕೆ ಹೇಳುವ ಹೊತ್ತಿಗೇ ನನ್ನ ಕೈಯಲ್ಲಿದ್ದ ಫೋನಿನಿಂದ ಹೆಡ್‌ಮಾಸ್ಟರರು "ನೀರು ಕುಡಿಯೋ ಕತ್ತೆ!" ಅಂತ ಗದರಿದರು. ಡ್ರೈವರಣ್ಣ ನಕ್ಕು ಹಿಡಿದ ಉಸಿರೆಲ್ಲ ಬಿಟ್ಟ, ಟೇಪು ಜಾರಿತು, ಪುನಃ ಅಳೆದದ್ದಾಯಿತು. ಏಳು ಮಂದಿಯದ್ದು ಮುಗಿಯುವಾಗ ನನ್ನ ಫೋನಿನ ಪರದೆ ಮೇಲೆ ಏಳು ಹಸಿರು ಚೌಕಗಳು. ನೋಡಿ ನೋಡಿ ಸಂತೋಷಪಟ್ಟೆ.

ಅದು ಮಂಗಳವಾರ. ಮರುದಿನ ಬುಧವಾರ ಅಂತ ನಾನು ಪುನಃ ಹೇಳಬೇಕಾಗಿಲ್ಲ. ಬಸ್‌ಸ್ಟಾಪಿನಲ್ಲಿ ನಿಂತಿದ್ದಾಗ ಹೊಸ ಆ್ಯಪು ಕಣ್ಣಿಗೆ ಬಿತ್ತು. ಇದರಲ್ಲಿ ಪಟ್ಟಿಯನ್ನು ಎಳೆದು ಅತ್ತಿತ್ತ ಹಾಕಬಹುದು. ಫೋನಿನಲ್ಲಿ ಜಾಗ ಇರಲಿಲ್ಲ. ಹಳೆಯದನ್ನು ಕಿತ್ತೆ. ಎಲ್ಲ ಕ್ಲೌಡಿನಲ್ಲಿ ಇರುತ್ತದೆ ಅಂತ ನನ್ನ ನಂಬಿಕೆ. ಮೇಲೆ ಹೋಗುವುದು ಹಣ ಕೊಟ್ಟವರದ್ದು ಮಾತ್ರ, ಪುಕ್ಕಟೆಯವರದ್ದು ಫೋನಿನಲ್ಲೇ ಇದ್ದು ಫೋನಿನಲ್ಲೇ ಸಾಯುತ್ತದೆ ಅಂತ ಗೊತ್ತಾದದ್ದು ಮರುದಿನ ಸಂಜೆ, ಅಕ್ಕ ಖಾಕಿ ಬಟ್ಟೆ ಹಾಸಿ "ನಾಳೆ ಕಟ್ಟಿಂಗು" ಅಂದಾಗ. ಹಳೆಯ ಆ್ಯಪನ್ನು ಪುನಃ ಹಾಕಿ ನೋಡಿದೆ. ನಗುವ ಮುಖದ ಚಿತ್ರ ಬಂತು. ಕೆಳಗೆ, ನಿಮ್ಮ ಮೊದಲ ಕೆಲಸವನ್ನು ಸೇರಿಸಿ ಅಂತ.

ಅಕ್ಕನಿಗೆ ಹೇಳಲು ಧೈರ್ಯ ಬರಲಿಲ್ಲ. ಶುಕ್ರವಾರ ಬೆಳಿಗ್ಗೆ ಸ್ಟ್ಯಾಂಡಿಗೆ ಹೋಗಿ ಒಬ್ಬೊಬ್ಬರನ್ನೇ ತಬ್ಬಿಕೊಳ್ಳಲು ಶುರುಮಾಡಿದೆ. ಬೆನ್ನ ಹಿಂದೆ ಕೈ ಸೇರಿತೋ ಇಲ್ಲವೋ, ಸೇರದಿದ್ದರೆ ಎಷ್ಟು ಬೆರಳು ಕಡಿಮೆ, ಎಲ್ಲ ಮನಸ್ಸಿನಲ್ಲೇ ಲೆಕ್ಕ. ಹೆಗಲ ಮೇಲೆ ಗೇಣು ಹಾಕಿ ಸವರಿದೆ. ಮೊದಲಿನವನು, ಒಣಕಲು ಡ್ರೈವರು, ದೂರ ಸರಿದು ನನ್ನ ಮುಖವನ್ನೇ ನೋಡಿದ.

"ಎಂತ ಮಾರಾಯ, ವೀಸಾ ಬಂತಾ?"

ನಮ್ಮ ಊರಿನಲ್ಲಿ ಗಂಡಸು ಗಂಡಸನ್ನು ತಬ್ಬುವುದು ಗಲ್ಫಿಗೆ ಹೊರಡುವಾಗ ಮಾತ್ರ. ಇಲ್ಲ ಅನ್ನಲಾಗಲಿಲ್ಲ, ಹೌದು ಅನ್ನಲೂ ಆಗಲಿಲ್ಲ. ಹಲ್ಲು ಕಿಸಿದೆ. "ಹೇಳಲೇ ಇಲ್ಲ ಕಳ್ಳ! ಎಲ್ಲಿಗೆ? ದುಬೈಯಾ, ಕುವೈತಾ?" ಅಧ್ಯಕ್ಷರನ್ನು ತಬ್ಬುವಾಗ ಅವರು ಮಲಯಾಳದಲ್ಲಿ ಒಂದು ಮಾತು ಹೇಳಿ, ಕನ್ನಡದಲ್ಲಿ ಮುಗಿಸಿದರು, "ಹೋಗುವವ ಹೋಗು. ಬೆನ್ನು ಬಿಡು."

ರಸ್ತೆ ದಾಟಿ ಅಂಗಡಿಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮೊದಲು ತಲುಪಿತ್ತು.

"ನಿನಗೆ ವೀಸಾ ಬಂದದ್ದಂತೆ?" ಅಕ್ಕ ಕೇಳಿದಳು. ಕೈಯಲ್ಲಿ ಚಾಕ್ ಇತ್ತು, ಮುಂದೆ ಖಾಕಿ ಇತ್ತು. "ಹೋಗುವ ಮೊದಲು ಆ ಅಳತೆ ಒಮ್ಮೆ ಓದು."

ಹೇಳಿದೆ. ಎಲ್ಲ ಹೇಳಿದೆ, ಕ್ಲೌಡು ಸಮೇತ. ಬೈಯುತ್ತಾಳೆ ಅಂತ ಕಾದೆ. ಬೈದಿದ್ದರೆ ಅವಳ ಬೈಗುಳವನ್ನೇ ಅವಳ ಧ್ವನಿಯಲ್ಲಿ ತಿರುಗಿಸಿ ನಗಿಸಿ ತಪ್ಪಿಸಿಕೊಳ್ಳಬಹುದಿತ್ತು. ಅವಳು ಚಾಕನ್ನು ಟೇಬಲಿನ ಮೇಲಿಟ್ಟು, ಬೋರ್ಡು ಇದ್ದ ಕಡೆ ನೋಡಿದಳು. ಒಳಗಿನಿಂದ ಬೋರ್ಡಿನ ಬೆನ್ನು ಮಾತ್ರ ಕಾಣುತ್ತದೆ.

"ಪುನಃ ಕರೆಯಲಿಕ್ಕೆ ಇಲ್ಲ," ಅಂದಳು.

"ಅವರ ಹಳೆ ಅಂಗಿ ಒಂದೊಂದು ತರುವುದಾ?"

"ಆ ಅಂಗಿ ಸರಿ ಆಗದ್ದಕ್ಕೇ ಅವರು ಇಲ್ಲಿಗೆ ಬಂದದ್ದು ಮಾರಾಯ."

ನನಗೆ ಕೂರಲಾಗಲಿಲ್ಲ, ನಿಲ್ಲಲೂ ಆಗಲಿಲ್ಲ. ಅಂಗಡಿ ಇದ್ದದ್ದೇ ಎಂಟು ಹೆಜ್ಜೆ, ಎಂಟೆಂಟು ಹೆಜ್ಜೆ ಅತ್ತಿತ್ತ ನಡೆದೆ. ಹೆಜ್ಜೆ ಎಣಿಸುವ ಆ್ಯಪು ಶಾಭಾಸ್ ಅಂದಿತು. ಅಧ್ಯಕ್ಷರು ಏನು ಹೇಳಬಹುದು ಅಂತ ಯೋಚಿಸುತ್ತಾ ಸ್ಟೂಲಿನ ಮೇಲೆ ಕುಸಿದೆ. ಕೂತದ್ದೇ ಅವರ ಹಾಗೆ ಆಗಿಹೋಯಿತು. ಇಲ್ಲದ ರಿಕ್ಷಾ ಹ್ಯಾಂಡಲಿನ ಮೇಲೆ ಎರಡೂ ಕೈ, ಎಡ ಹೆಗಲು ಒಂಚೂರು ಇಳಿದು, ಕುತ್ತಿಗೆ ಕನ್ನಡಿಯ ಕಡೆ ಓರೆ.

"ಹಾಗೇ ಇರು!" ಅಕ್ಕ ಹೇಳಿದಳು. "ಅಲ್ಲಾಡಬೇಡ."

ಟೇಪು ತೆಗೆದುಕೊಂಡು ಬಂದಳು, ಆದರೆ ನನ್ನನ್ನು ಅಳೆಯಲಿಲ್ಲ. ಸುತ್ತ ಒಂದು ಸುತ್ತು ಬಂದಳು. "ಹೆಗಲು ಹದಿನೆಂಟು. ಹೌದು, ಹದಿನೆಂಟು ಅಂದಾಗ ನೀನು ಎರಡು ಸಲ ಕೇಳಿದ್ದಿ. ಎಡ ಬದಿ ಇಳಿದದ್ದಕ್ಕೆ ಕಾಲು ಇಂಚು ಬಿಟ್ಟಿದ್ದೆ." ಪುಸ್ತಕ ತೆಗೆದು ಬರೆದಳು. ಕಂಡದ್ದೊಂದು, ನೆನಪಾದದ್ದೊಂದು. "ಕೂತಾಗ ಬೆನ್ನು ಇಷ್ಟು ಎಳೀತದಲ್ಲ. ಕುಂಬಳೆಯವ ನಿಲ್ಲಿಸಿ ಅಳೆದದ್ದು. ನಾನೂ ನಿಲ್ಲಿಸಿಯೇ ಅಳೆದೆ. ಇವರು ದಿನವಿಡೀ ನಿಂತುಕೊಂಡು ರಿಕ್ಷಾ ಬಿಡ್ತಾರಾ?" ಹಿಂಬದಿಯ ಉದ್ದಕ್ಕೆ ಒಂದೂವರೆ ಇಂಚು ಸೇರಿಸಿದಳು, ಕಂಕುಳು ಸಡಿಲ ಮಾಡಿದಳು.

ಮುಂದಿನವನು ಒಣಕಲು. ನಾನು ಎದೆಯನ್ನು ಪೂರ್ತಿ ಒಳಗೆ ಎಳೆದು, ಗಂಟಲಿನ ಎಲುಬು ಕುಣಿಸಿ, ಸ್ಟ್ಯಾಂಡಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಗುವ ಹಾಗೆ ಮಾಡಿದೆ. ಅಕ್ಕ ನಗಲಿಲ್ಲ.

"ಅಷ್ಟೆಲ್ಲ ಬಗ್ಗುವುದಿಲ್ಲ ಅವ. ನಗಿಸಲಿಕ್ಕೆ ಮಾಡಬೇಡ. ಇದ್ದ ಹಾಗೆ ಮಾಡು."

ನನಗೆ ಯಾರೂ ಅದುವರೆಗೆ ಹಾಗೆ ಹೇಳಿದ್ದಿಲ್ಲ. ಒಬ್ಬ ಮನುಷ್ಯನ ಹಾಗೆ, ನಗು ಬಾರದಷ್ಟು ಅವನ ಹಾಗೆಯೇ, ಐದು ನಿಮಿಷ ಅಲ್ಲಾಡದೆ ಕೂರುವುದು ಎಷ್ಟು ಕಷ್ಟ ಅಂತ ಅಂದು ಗೊತ್ತಾಯಿತು. ಬೆವರಿದೆ. ಕಾಲು ಹಿಡಿಯಿತು. ಒಣಕಲನ ಬಲ ಮೊಣಕೈ ಯಾವಾಗಲೂ ಸೊಂಟಕ್ಕೆ ಅಂಟಿಕೊಂಡಿರುತ್ತದೆ, ಹಳೆಯ ನೋವು ಇರಬೇಕು. ವರ್ಷಗಟ್ಟಲೆ ಅವನನ್ನು ಗೇಲಿ ಮಾಡಿದವನು ನಾನು, ಅದನ್ನು ಗಮನಿಸಿಯೇ ಇರಲಿಲ್ಲ. ಅಕ್ಕ ಎರಡು ಸಲ ನನ್ನ ಮೊಣಕೈ ಹಿಡಿದು ಸರಿಮಾಡಿದಳು.

ಮಧ್ಯಾಹ್ನ ದಾಟುವಾಗ ಆರು ಮಂದಿ ಪುಸ್ತಕಕ್ಕೆ ಇಳಿದಿದ್ದರು. ಉಳಿದವನು ಹೊಟ್ಟೆಯ ಡ್ರೈವರಣ್ಣ. ಟೇಪು ಜಾರಿದ ಆ ಗಲಾಟೆಯಲ್ಲಿ ಅವನ ಒಂದೇ ಒಂದು ಅಂಕೆಯೂ ಅಕ್ಕನಿಗೆ ನೆನಪಿರಲಿಲ್ಲ.

"ಇವನನ್ನು ನನಗೆ ಬಿಡು," ಅಂದೆ. "ಇವನದ್ದು ನನ್ನ ಸ್ಪೆಷಲ್ ಐಟಂ. ದಿನಾ ಮಾಡುವವ ನಾನು."

ಮನೆಗೆ ಓಡಿ ಅಮ್ಮನ ತಲೆದಿಂಬು ತಂದೆ. ಅಂಗಿಯ ಒಳಗೆ ಕಟ್ಟಿಕೊಂಡು, ಹ್ಯಾಂಡಲು ಹಿಡಿದ ಹಾಗೆ ಕೂತು, ನನಗೆ ನಾನೇ ಟೇಪು ಸುತ್ತಿ ಓದಿದೆ.

"ಇಷ್ಟುಂಟಾ?" ಅಕ್ಕ ಕೇಳಿದಳು.

"ಇಷ್ಟೇ ಉಂಟು. ಬೇಕಾದರೆ ಬರೆದುಕೊಡ್ತೇನೆ."

"ಫೋನಿನಲ್ಲಿ ಬೇಡ," ಅಂತ ಹೇಳಿ ಕತ್ತರಿ ತೆಗೆದುಕೊಂಡಳು.

ಐದು ದಿನ ಮೆಷಿನು ನಿಲ್ಲಲಿಲ್ಲ. ಗುಂಡಿ ಹೊಲಿಯುವುದು ನನ್ನ ಪಾಲಿಗೆ ಬಂತು, ಶಿಕ್ಷೆ ಅಂತಲೇ. ನೀರು ಕುಡಿ, ಎದ್ದು ನಡೆ, ಗುರಿ ಮುಟ್ಟಿಲ್ಲ ಅಂತ ಜೇಬಿನಿಂದ ಹೆಡ್‌ಮಾಸ್ಟರರು ಗದರುತ್ತಲೇ ಇದ್ದರು. ಮೂರನೆಯ ದಿನ ಅಕ್ಕ ಫೋನನ್ನು ಚಿಂದಿ ಬಟ್ಟೆಯ ಚೀಲದಲ್ಲಿ ಹಾಕಿ ಬಾಯಿ ಕಟ್ಟಿದಳು. ಆಮೇಲೆ ಅವರು ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳಿಸುತ್ತಿದ್ದರು. ಗುಂಡಿಗೆ ನೂಲು ಹಾಕುವಾಗಲೆಲ್ಲ ನನ್ನ ಕೈ ಆ ಚೀಲದ ಕಡೆ ಹೋಗಿ ಬರುತ್ತಿತ್ತು.

ಟ್ರಯಲಿನ ಸಂಜೆ ಸ್ಟ್ಯಾಂಡಿನಲ್ಲಿ ರಿಕ್ಷಾಗಳು ಮಾತ್ರ ಇದ್ದವು, ಡ್ರೈವರುಗಳೆಲ್ಲ ನಮ್ಮ ಅಂಗಡಿಯಲ್ಲಿ. ನಾನು ಎಲ್ಲರಿಗೂ ನೀರು ಕೊಟ್ಟೆ, ಮತ್ತೆ ಲೋಟ ತೆಗೆದೆ, ಮತ್ತೆ ಕೊಟ್ಟೆ. ಅಕ್ಕ ಮೆಷಿನಿನ ಮುಂದೆ ಕೂತು ಯಾವುದೋ ರವಿಕೆಗೆ ಹುಕ್ಕು ಹಾಕುತ್ತಿದ್ದಳು. ತಲೆ ಎತ್ತಲಿಲ್ಲ. ಸೂಜಿ ಮಾತ್ರ ಎರಡು ಸಲ ಬೆರಳಿಗೆ ಚುಚ್ಚಿಸಿಕೊಂಡಳು, ನಾನು ನೋಡಿದೆ.

ಒಣಕಲು ಡ್ರೈವರು ಅಂಗಿ ಹಾಕಿಕೊಂಡ. ಮೊಣಕೈ ಎತ್ತಿದ, ಇಳಿಸಿದ, ಕನ್ನಡಿಯ ಮುಂದೆ ತಿರುಗಿದ. ಒಬ್ಬೊಬ್ಬರೇ ಪರದೆಯಿಂದ ಹೊರಗೆ ಬಂದರು. ಅಧ್ಯಕ್ಷರು ಆರನೆಯವರು. ಅವರು ನೇರ ಸ್ಟೂಲಿಗೆ ಹೋಗಿ ಕೂತು, ಕೈ ಮುಂದೆ ಚಾಚಿ, ಹ್ಯಾಂಡಲು ತಿರುಗಿಸಿ, ಹಿಂದಕ್ಕೆ ಕೈ ಹಾಕಿ ಬೆನ್ನು ಮುಟ್ಟಿ ನೋಡಿದರು. "ಮೇಲೆ ಬರುವುದೇ ಇಲ್ಲವಲ್ಲ," ಅಂತ ತಮಗೇ ಹೇಳಿಕೊಂಡರು. ತುಳುವಿನಲ್ಲಿ ಹೇಳಿದರು. ಅಕ್ಕನ ಕೈ ನಿಂತಿತು.

ಆಗ ಪರದೆ ಸರಿಸಿ ಡ್ರೈವರಣ್ಣ ಬಂದ. ಅಂಗಿ ಅವನ ಮೈಗೆ ತಾಗಿಯೇ ಇರಲಿಲ್ಲ. ಹೊಟ್ಟೆಯ ಮುಂದೆ ಖಾಕಿ ಹಾಯಿಯ ಹಾಗೆ ಉಬ್ಬಿ ನಿಂತಿತ್ತು, ಫ್ಯಾನಿನ ಗಾಳಿಗೆ ಅಲ್ಲಾಡುತ್ತಿತ್ತು.

"ಇದು ನನಗಾ, ನನ್ನ ರಿಕ್ಷಾಕ್ಕಾ?"

ನಗು ಹೈವೇಯ ಆಚೆಗೂ ಕೇಳಿರಬೇಕು. ಅವನು ಎರಡೂ ಕೈಯಲ್ಲಿ ಅಂಗಿಯ ಮುಂಬದಿ ಹಿಡಿದು ಎಳೆದು ತೋರಿಸಿದ. "ಇಷ್ಟು ಹೊಟ್ಟೆ ನನಗೆ ಎಲ್ಲಿ ಉಂಟು ಮಾರಾಯ್ರೆ? ಯಾರು ನೋಡಿದ್ದು?" ಯಾರು ನೋಡಿದ್ದು ಅಂತ ನನಗೆ ಗೊತ್ತಿತ್ತು. ಜನ ನಗಲಿ ಅಂತ ದಿನಕ್ಕೊಂದು ಬೆರಳು ಸೇರಿಸಿ ಸೇರಿಸಿ ನಾನೇ ಬೆಳೆಸಿದ ಹೊಟ್ಟೆ ಅದು. ನಾನು ಪರದೆಯ ಕಡೆ ಸರಿದೆ.

ಅಧ್ಯಕ್ಷರು ಮಾತ್ರ ನಗಲಿಲ್ಲ. ಎದ್ದು ನಿಂತರು. ಭಾಷೆ ಪುನಃ ಕನ್ನಡಕ್ಕೆ ಬಂತು.

"ನೋಡು ತಂಗೀ, ಇದನ್ನೇ ನಾನು ಆ ದಿನ ಹೇಳಿದ್ದು. ಗಂಡಸರ ಅಳತೆ ಹೆಂಗಸರ ಕೈಗೆ ಸಿಗುವುದಿಲ್ಲ ಅಂತ. ಈಗ ಎಂತ ಹೇಳ್ತಿ?"

ಅಕ್ಕ ನೂಲನ್ನು ಹಲ್ಲಿನಲ್ಲಿ ಕಡಿದು, ರವಿಕೆ ಮಡಚಿ ಪಕ್ಕಕ್ಕಿಟ್ಟಳು. ಮೊದಲು ಅಧ್ಯಕ್ಷರನ್ನು, ಆಮೇಲೆ ಪರದೆಯ ಹಿಂದೆ ಅರ್ಧ ಅಡಗಿದ್ದ ನನ್ನನ್ನು ನೋಡಿದಳು.

"ಆರು ಅಂಗಿಯ ಅಳತೆ ನನ್ನದು ಅಣ್ಣ. ಆ ಒಂದನ್ನು ಮಾತ್ರ ಗಂಡಸಿನ ಕೈಗೆ ಬಿಟ್ಟೆ."