ಹನಮವ್ವನ ಹಿಂಡಿ, ನನ್ನ ಹನ್ನೊಂದು ಮರಿ

ಎರಡು ವರ್ಷದ ಹಿಂದಿನ ಬ್ಯಾಸಿಗಿ. ನಾನು ಹಂದಿ ಸಾಕಾಕ ಹತ್ತಿ ಆಗ ನಲವತ್ತೊಂದು ವರ್ಷ ಆಗಿತ್ತು. ಲಕ್ಷ್ಮೇಶ್ವರದ ಹೊರಗ, ಶಿಗ್ಲಿ ರಸ್ತೆಯ ಬಾಜೂಕ ನಮ್ಮ ದೊಡ್ಡಿ. ಮೂರು ತಾಯಿ ಹಂದಿ, ಒಂದು ಗಂಡು, ಮರಿಗಳು ಬ್ಯಾರೆ. ನಾನು ಸಾಲಿ ಕಲಿತದ್ದು ಮೂರನೇತ್ತ ತನಕ. ಹಂದಿ ವಿಷಯದಾಗ ಮಾತ್ರ ನನಗ ಯಾರೂ ಏನೂ ಕಲಿಸಬೇಕಾಗಿಲ್ಲ ಅಂತ ತಿಳಕೊಂಡಿದ್ದೆ. ಆ ತಿಳುವಳಿಕಿಗೆ ಐದು ಮರಿ ಸತ್ತವು. ಅದನ್ನ ಬರೀತೀನಿ.

ನಮ್ಮ ದೊಡ್ಡಿಗೆ ಹೊಂದಿ, ಎದಿಮಟ್ಟದ ಗ್ವಾಡಿಯ ಆಚಿಗೆ ಹನಮವ್ವನ ದೊಡ್ಡಿ. ಅಕಿ ನನ್ನ ನೆಗೆಣ್ಣಿ, ನನ್ನ ಗಂಡನ ತಮ್ಮನ ಹೆಂಡ್ತಿ. ಈ ಕೆಲಸ ಅಕಿಗೆ ಕಲಿಸಿದಾಕಿ ನಾನು. ಹುಟ್ಟಿದ ಮರಿಯ ಹಲ್ಲು ಕತ್ತರಿಸೂದು, ಈಯುವ ಹಂದಿಯ ಹಂತ್ಯಾಕ ಕುಂಡ್ರೂದು, ಎಲ್ಲಾ. ಕಲಿಸಿದಾಕಿಗಿಂತ ಕಲಿತಾಕಿ ಒಂದು ಹೆಜ್ಜಿ ಹಿಂದ ಇರಬೇಕು, ಅದು ನನ್ನ ಲೆಕ್ಕ. ಅಕಿ ಇರಲಿಲ್ಲ.

ಆ ಬ್ಯಾಸಿಗ್ಯಾಗ ಗದಗಿಂದ ಬರುವ ವ್ಯಾಪಾರಿ ನನ್ನ ದೊಡ್ಡಿಯ ಮುಂದ ಗಾಡಿ ನಿಲ್ಲಿಸಿದ, ಇಳಿದ, ಸೀದಾ ಆ ಕಡೆ ನಡೆದ. ಅಷ್ಟು ವರ್ಷದಾಗ ಹಂಗ ಆಗಿರಲಿಲ್ಲ. ಗ್ವಾಡಿ ಆಚಿಂದ ಅವನ ದನಿ ಬಂತು: "ಏನ್ ಹಾಕ್ತೀಯವ್ವಾ ಇವಕ್ಕ? ಬೆನ್ನ ಮ್ಯಾಲ ಚಾಪಿ ಹಾಸಿ ಮಲಗಬಹುದಲ್ಲ!" ಹನಮವ್ವ ನಕ್ಕು ಮಾತನ್ನ ರೇಟಿನ ಕಡೆ ಹೊರಳಿಸಿದಳು. ಅವತ್ತು ಸಂಜಿಮುಂದ ನಾನು ನನ್ನ ಹಂದಿಗಳ ಬೆನ್ನು ಗೇಣಿಲೆ ಅಳದು ನೋಡಿದೆ.

ನನ್ನ ಹಂದಿಗಳ ಊಟ ಖಾನಾವಳಿ ಮುಸುರಿ. ಅಂದ್ರ ಉಳಿದ ಅನ್ನ, ರೊಟ್ಟಿ, ಸಾರು. ಕುದಿಸಿ ಹಾಕ್ತಿದ್ದೆ. ಹನಮವ್ವ ಸಂಕ್ರಾಂತಿ ಆದ ಮ್ಯಾಲ ಮುಸುರಿ ಬಿಟ್ಟು ಬ್ಯಾರೆ ಏನೋ ಸುರು ಮಾಡಿದ್ದಳು. ಏನು ಅಂತ ಕೇಳಬಹುದಿತ್ತು. ಆದ್ರ ಹಿರೇ ನೆಗೆಣ್ಣಿ ಹೋಗಿ ಸಣ್ಣಾಕಿನ್ನ ಕೇಳೂದು ನಮ್ಮ ಮನಿತನದಾಗ ಇಲ್ಲ. ಒಮ್ಮೆ ಕೇಳಿದ್ರ ಅವತ್ತಿಂದ ಅಕಿನ ಹಿರ್ಯಾಕಿ ಆದಂಗ.

ಕೇಳದಂಗ ತಿಳಕೊಳ್ಳುವ ದಾರಿ ಒಂದಿತ್ತು. ಹಂದಿ ಏನು ತಿಂದೈತಿ ಅಂತ ಅದರ ಹೇಲು ಹೇಳ್ತೈತಿ. ಈ ಕೆಲಸದಾಗ ಹಳಬರಾದವರು ಅದನ್ನ ಓದಾಕ ಕಲಿತಿರ್ತಾರ. ಹನಮವ್ವ ಸಂತಿಗೆ ಹೋದ ದಿನ ನಾನು ಕಲ್ಲಿನ ಮ್ಯಾಲ ನಿಂತು, ಕುಡಗೋಲು ಕಟ್ಟಿದ ಉದ್ದನ ಕೋಲನ್ನ ಆ ಕಡೆ ಇಳಿಬಿಟ್ಟು, ಒಂದು ಉಂಡಿ ಎಳಕೊಂಡೆ. ಕಡ್ಡಿಲೆ ಒಡದು ನೋಡಿದೆ. ಕರಿ-ಬಿಳಿ ಗೀರಿನ ಸಿಪ್ಪಿ. ಸೂರ್ಯಕಾಂತಿ ಹಿಂಡಿ, ಎಣ್ಣಿ ತಗದ ಮ್ಯಾಲ ಗಿರಣ್ಯಾಗ ಉಳಿಯೂದು. ಜೊತಿಗೆ ಜೋಳದ ನುಚ್ಚು. ಉಂಡಿ ಗಟ್ಟಿ ಇತ್ತು, ನಾತ ಕಡಿಮಿ. ಇಷ್ಟ ಏನು, ಅಂದೆ.

ಮರುದಿನ ಎಣ್ಣಿ ಗಿರಣಿಯಿಂದ ಎರಡು ಚೀಲ ಹಿಂಡಿ ತರಿಸಿದೆ. ನನ್ನ ಕೆಂಪು ತಾಯಿ ಹಂದಿಯ ಹನ್ನೊಂದು ಮರಿ ಹಾಲು ಬಿಟ್ಟು ಹತ್ತು ದಿನ ಆಗಿತ್ತು. ಮುಸುರಿ ಪೂರಾ ಬಂದ್ ಮಾಡಿ, ಹಿಂಡಿ ಮತ್ತ ನುಚ್ಚು ನೀರಾಗ ಕಲಸಿ ಕಲ್ಲಿನ ದೋಣಿ ತುಂಬ ಸುರುವಿದೆ. ಹನಮವ್ವ ಹಾಕೂದಕಿಂತ ಒಂದು ಬೊಗಸಿ ಜಾಸ್ತಿನ ಇರಲಿ ಅಂತ ಮ್ಯಾಲ ಇನ್ನೊಂದು ಬೊಗಸಿ ಹಾಕಿದೆ.

ಮೂರನೇ ದಿನಕ್ಕ ಮರಿಗಳ ಹಿಂಗಾಲೆಲ್ಲಾ ಒದ್ದಿ. ನೀರಿನಂಥಾ ಭೇದಿ. ನುಂಗಿದ ಸಿಪ್ಪಿ ಹಂಗ ಹೊರಗ ಬರಾಕ ಹತ್ತಿತ್ತು. ಓಮು ಅರದು ಕುಡಿಸಿದೆ, ಅರಿಷಿಣ ಕುಡಿಸಿದೆ. ನಾಕನೇ ದಿನ ಎರಡು ಸತ್ತವು. ಐದನೇ ದಿನ ಮತ್ತ ಎರಡು. ಹಂದಿ ಜ್ವರ ಬಂದೈತಿ ಅಂತ ಓಣ್ಯಾಗ ಮಾತು ಎದ್ದಿತು. ಆ ಮಾತು ಗದಗ ಮುಟ್ಟಿದ್ರ ಯಾವ ವ್ಯಾಪಾರಿಯೂ ನಮ್ಮ ರಸ್ತೆಗೆ ಬರೂದಿಲ್ಲ. ಪಶು ಆಸ್ಪತ್ರಿಗೆ ಫೋನ್ ಹಚ್ಚಿಸಿದೆ.

ಬಂದಾಕಿ ನನ್ನ ಮೊಮ್ಮಗಳ ವಯಸ್ಸಿನ ಡಾಕ್ಟರು, ಶಿರಹಟ್ಟಿ ಕಡೆಯಾಕಿ. ಉಳಿದ ಏಳೂ ಮರಿಗೆ ಥರ್ಮಾಮೀಟರ್ ಇಟ್ಟು ನೋಡಿದ್ಲು. ಸತ್ತ ಮರಿ ಒಂದರ ಹೊಟ್ಟಿ ಕೊಯ್ದು ಕರಳು ನೋಡಿದ್ಲು. ಕೈ ತೊಳಕೊಂಡು ಕೇಳಿದ್ಲು:

"ಆಯಿ, ಹಂದಿ ಜ್ವರ ಅಲ್ಲ ಇದು. ಊಟ ಬದಲಿ ಮಾಡಿದ್ರೇನು?"

"ಹೌದವಾ. ಇವತ್ತಿಗೆ ಐದು ದಿನ."

"ಎಷ್ಟು ದಿನದಾಗ ಬದಲಿ ಮಾಡಿದ್ರಿ?"

"ಎಷ್ಟು ದಿನ ಏನು? ಒಂದ ಹೊತ್ತಿನ್ಯಾಗ."

ಅಕಿ ಹಣಿ ಹಿಡಕೊಂಡ್ಲು. ಆಮ್ಯಾಲ ತಿಳಿಸಿ ಹೇಳಿದ್ಲು. ಹಂದಿಯ ಕರಳಿನ್ಯಾಗ ಕಣ್ಣಿಗೆ ಕಾಣದ ಜೀವಿಗಳು ಕೋಟಿಗಟ್ಟಲೆ ಇರ್ತಾವಂತ. ಡಾಕ್ಟರು ಅವನ್ನ ಬ್ಯಾಕ್ಟೀರಿಯಾ ಅಂತಾರ. ಅನ್ನ-ರೊಟ್ಟಿ ಅರಗಿಸಾಕ ನೆರವಾಗುವ ಪಂಗಡ ಬ್ಯಾರೆ, ಸಿಪ್ಪಿ-ನಾರು ಅರಗಿಸುವ ಪಂಗಡ ಬ್ಯಾರೆ. ಮುಸುರಿ ತಿಂದ ಮರಿಯ ಕರಳಿನ್ಯಾಗ ಎರಡನೇ ಪಂಗಡ ಭಾಳ ಕಡಿಮಿ. ಅದು ಬೆಳೆಯೂದ್ರೊಳಗ ಸಿಪ್ಪಿ ಸುರುವಿದ್ರ, ಅರಗಲಾರದ ಊಟ ಒಳಗ ಕೊಳೀತೈತಿ, ಕೆಟ್ಟ ಜೀವಿಗಳು ಹೆಚ್ಚಾಗ್ತಾವು, ಕರಳಿಗೆ ಬಾವು ಬರ್ತೈತಿ. ಅದರಾಗ ಈಗಷ್ಟ ತಾಯಿ ಹಾಲು ಬಿಟ್ಟ ಮರಿ. ಹಿಂಡಿ ಕೆಟ್ಟದ್ದಲ್ಲ ಆಯಿ, ನಿಮ್ಮ ಅವಸರ ಕೆಟ್ಟದ್ದು, ಅಂದ್ಲು.

ಮಾತಾಡ್ತಾ ಮಾತಾಡ್ತಾ ಅಕಿ ಮೂಗು ಎತ್ತಿ ಗ್ವಾಡಿ ಕಡೆ ಹೊರಳಿದ್ಲು. "ಅಲ್ಲಿಂದ ಹುಳಿ ವಾಸನಿ ಬರ್ತೈತಲ್ಲ. ಅವ್ರು ಹಿಂಡಿ ನೆನಿಸಿ, ಹುಳಿ ಬರಿಸಿ ಹಾಕ್ತಾರ. ಹುಳಿಯೊಳಗ ಒಳ್ಳೆ ಜೀವಿಗಳು ಬೆಳದಿರ್ತಾವು, ಸಿಪ್ಪಿನೂ ಮೆತ್ತಗಾಗಿರ್ತೈತಿ. ಆ ಹುಳಿದ ಒಂದು ಗಡಗಿ ಹೆಪ್ಪು ಇಸಗೊಂಡು ಬರ್ರಿ." ಆ ವಾಸನಿ ನನಗೂ ದಿನಾ ಬರ್ತಿತ್ತು, ದೊಡ್ಡಿ ನಾತ ಅಂತ ಬಿಟ್ಟಿದ್ದೆ.

"ಅದೊಂದು ಬಿಟ್ಟು ಬ್ಯಾರೆ ಏನರ ಹೇಳವಾ. ಮಜ್ಜಿಗಿ ಹಾಕಿ ನಾನ ಮಾಡ್ಕೋತೀನಿ."

"ಮಾಡ್ಕೋಬಹುದು. ಅದು ಪಳಗಾಕ ವಾರ ಬೇಕು. ನಿಮ್ಮ ಮರಿಗೆ ವಾರ ಇಲ್ಲ."

ಗಡಗಿ ಹಿಡಕೊಂಡು ಹನಮವ್ವನ ಬಾಗಿಲಕ್ಕ ಹೋದೆ. ಇಪ್ಪತ್ತು ಹೆಜ್ಜಿ ದಾರಿ. ಅಷ್ಟು ದೂರ ನಾನು ಮುಂಡರಗಿಗೆ ನಡಕೊಂತ ಹೋದಾಗೂ ಅನಿಸಿರಲಿಲ್ಲ.

"ಯಾರು, ಅಕ್ಕನೇನ? ಸೂರ್ಯ ಇವತ್ತು ಯಾವ ಕಡೆ ಹುಟ್ಟ್ಯಾನ?"

"ಹೆಪ್ಪು ಬೇಕಾಗಿತ್ತು."

"ಮೊಸರಿಗೇನು?" ಅಕಿಗೆ ಎಲ್ಲಾ ಗೊತ್ತಿತ್ತು. ನನ್ನ ಬಾಯಿಂದ ಕೇಳಬೇಕಾಗಿತ್ತು.

"ಹಂದಿಗೆ."

"ಯಾಕ, ಕೋಲಿಲೆ ಎಳಕೊಂಡು ಹೋದ ಉಂಡ್ಯಾಗ ಇರಲಿಲ್ಲೇನು?"

ನಾನು ಗಡಗಿ ಈ ಬಗಲಿಂದ ಆ ಬಗಲಿಗೆ ಬದಲಿಸಿದೆ. "ಗೊತ್ತಾಗಿದ್ರ ಅವತ್ತ ಬೈಬೇಕಿತ್ತಲ್ಲ?"

"ಯಾಕ ಬೈಲಿ? ನೆಲದ ಮ್ಯಾಲ ಗ್ವಾಡಿತನ ಗೆರಿ ಬಿದ್ದಿತ್ತು. ನಮ್ಮ ಅಕ್ಕ ನನ್ನ ಹಂದಿ ಹೇಲು ಕದ್ದಾಳ ಅಂತ ನಕ್ಕೊಂತ ಉಂಡೆ."

"ನಾ ಬಂದು ಕೇಳಿದ್ರ ಹೇಳ್ತಿದ್ದೇನು?"

"ಇಲ್ಲ. ನಾ ಕೇಳಿದ್ರ ನೀ ಹೇಳ್ತಿದ್ದೇನು?"

"ಇಲ್ಲ."

ಆ ಉತ್ತರಕ್ಕ ಇಬ್ಬರಿಗೂ ಸಮಾಧಾನ ಆತು. ಅಕಿ ಗಡಗಿ ತುಂಬಿಸಿ ಕೊಟ್ಟಳು. ಕೊಡುವಾಗ ಅಂದ್ಲು: "ಮೊದಲ ದಿನ ಒಂದು ಹಿಡಿ ಹಿಂಡಿ, ಉಳಿದದ್ದು ಮುಸುರಿ. ಪೂರಾ ಬದಲಿ ಮಾಡಾಕ ನನಗ ಹದಿನೈದು ದಿನ ಹಿಡೀತು. ನೀ ನೋಡಿದ್ದು ಅದೆಲ್ಲಾ ಮುಗದು ಎಷ್ಟೋ ದಿನ ಆದ ಮ್ಯಾಲ."

ಹೇಲಿನ್ಯಾಗ ನನಗ ಸಿಪ್ಪಿ ಕಂಡಿತ್ತು. ದಿನ ಕಂಡಿರಲಿಲ್ಲ.

ಡಾಕ್ಟರು ಹೇಳಿದಂಗ ಎರಡು ದಿನ ಉಪ್ಪು-ಬೆಲ್ಲದ ನೀರು, ಅನ್ನದ ಗಂಜಿ, ಅದರಾಗ ಒಂದೊಂದು ಸೌಟು ಹೆಪ್ಪು. ಆಮ್ಯಾಲ ಕುದಿಸಿದ ಮುಸುರಿ. ಭೇದಿ ನಿಂತ ಮ್ಯಾಲ ಹುಳಿ ಬರಿಸಿದ ಹಿಂಡಿ ಒಂದು ಹಿಡಿ, ಎರಡು ದಿನಕ್ಕೊಮ್ಮೆ ಇನ್ನೊಂದು ಹಿಡಿ. ದಿನಾ ಗಡಗಿಯ ತಳದಾಗ ಒಂದಿಷ್ಟು ಉಳಿಸಿ ಅದರ ಮ್ಯಾಲ ಹೊಸಾದು ನೆನಿಸ್ತಿದ್ದೆ. ಏಳರಾಗ ಮತ್ತೊಂದು ಸತ್ತಿತು. ಆರು ಉಳದವು. ಮೂರನೇ ವಾರಕ್ಕ ಉಂಡಿ ಗಟ್ಟಿ ಆದವು, ರೋಮ ಮಿಂಚಾಕ ಹತ್ತಿತು. ಜ್ವರದ ಮಾತೂ ಅಡಗಿತು.

ಈಗ ಹೊಸದಾಗಿ ಹಂದಿ ಕಟ್ಟಿದವರು ಬಂದು ಏನ್ ಹಾಕಬೇಕು ಆಯಿ ಅಂತ ಕೇಳ್ತಾರ. ಹಿಂಡಿ ಹಾಕ್ರಿ, ಹೊಟ್ಟು ಹಾಕ್ರಿ, ನಿಮ್ಮೂರಾಗ ಏನು ಸಿಗ್ತೈತೋ ಅದನ್ನ ಹಾಕ್ರಿ, ಆದ್ರ ಅದರ ಕರಳಿಗೆ ದಿನ ಕೊಡ್ರಿ ಅಂತೀನಿ. ನಲವತ್ತೊಂದು ವರ್ಷ ದುಡಿದ ಮ್ಯಾಲ ಈ ಕೆಲಸ ನನಗ ಕಲಿಸಿದ್ದು ಅಷ್ಟ. ಹನಮವ್ವನ ಮ್ಯಾಲಿನ ಮತ್ಸರ ಹೋತೇನು ಅಂತ ಕೇಳಬ್ಯಾಡ್ರಿ. ಹೋಗಿಲ್ಲ. ಅಕಿ ಹಂದಿ ಇನ್ನೂ ನನ್ನವಕ್ಕಿಂತ ದಪ್ಪ.

ಹೋದ ತಿಂಗಳು ಅಕಿ ಮತ್ತ ಏನೋ ಹೊಸದು ನೆನಿಸಾಕ ಹತ್ತ್ಯಾಳ ಅಂತ ವಾಸನಿ ಬಡೀತು. ಸೀದಾ ಅಕಿ ಬಾಗಿಲಕ್ಕ ಹೋಗಿ ನಿಂತೆ.

"ಏನ್ ಹಾಕೀಲೇ ಅದಕ್ಕ?"

"ಹೇಳೂದಿಲ್ಲ ಹೋಗಕ್ಕ."

"ಬ್ಯಾಡ ಬಿಡು. ಎಷ್ಟು ದಿನದಾಗ ಬದಲಿ ಮಾಡ್ತಿ, ಅದನ್ನರ ಹೇಳು."

ಹನಮವ್ವ ಕಲಸುವ ಕೋಲು ಕೆಳಗಿಟ್ಟು ನನ್ನ ಮಾರಿ ನೋಡಿದ್ಲು. "ಇಪ್ಪತ್ತು," ಅಂದ್ಲು.