ಸೂಜಿಯಾದವರಿಗೆ ಕೆಮ್ಮಣ್ಣು

ಹಂಪಸಾಗರದ ಕಡೆ ಜೋಳ ಬೆಳೆದು ಕುರಿ ಸಾಕುವ ಜಂಬಣ್ಣನಿಗೆ ಸೂಜಿಯ ಮೇಲೆ ಬಹಳ ಭಕ್ತಿ, ತನ್ನ ಮೈಗೆ ಚುಚ್ಚದಿದ್ದರೆ ಸಾಕು. ದನದ ಡಾಕ್ಟರು ಬಂದ ದಿನ ಒಂದೊಂದೇ ಕುರಿ ಹಿಡಿದುಕೊಟ್ಟು, ಸೂಜಿಯಾದದ್ದು ಗುರುತು ಸಿಗಲೆಂದು ಅದರ ಬೆನ್ನಿಗೆ ಕೆಮ್ಮಣ್ಣು ಬಳಿಯುತ್ತಾನೆ. ನರ್ಸ್ ಗೀತಾಂಜಲಿಯ ಲೂನಾ ಸದ್ದು ಕೇಳಿದರೂ ಅದೇ ಕೆಲಸ. ಓಣಿಯ ಮಕ್ಕಳನ್ನು "ಹುರ್ರ್ರ್" ಎಂದು ಅಟ್ಟಿಕೊಂಡು ಬಂದು, ಅತ್ತು ಮುಗಿಸಿದವರ ಹಣೆಗೆ ಕೆಮ್ಮಣ್ಣು ಒತ್ತುತ್ತಾನೆ. ಹೊಲದಲ್ಲಿ ಯಾರಿಗಾದರೂ ಗುದ್ದಲಿ ತಾಗಿದರೆ, "ಧನುರ್ವಾಯು ಬಂದ್ರ ಬಿಲ್ಲಿನಂಗ ಬಾಗ್ತೀಯಲೇ, ನಡಿ" ಎಂದು ರಟ್ಟೆ ಹಿಡಿದು ನರ್ಸ್ ಹತ್ತಿರ ಎಳೆದು ತರುತ್ತಾನೆ. ತಾನು ಮಾತ್ರ ಮೊದಲೇ ಹಣೆಗೆ ಬಳಿದುಕೊಂಡು, "ನಂದು ಆಗೈತ್ರಿ ಅಕ್ಕಾರ" ಎನ್ನುತ್ತಾನೆ. ಮೊನ್ನೆ ತುಕ್ಕು ಹಿಡಿದ ಕುಂಟೆಯ ಕುಡ ಅವನ ಪಾದಕ್ಕೇ ಹೊಕ್ಕಿತು. ನರ್ಸ್ ಬಂದರೆ ಆಗಲೂ ಹಣೆಗೆ ಬಳಿದುಕೊಂಡೇ ಒಂಟಿಗಾಲಲ್ಲಿ ನಿಂತಿದ್ದ. ಹೆಂಡತಿ ನಾಗಲಿಂಗಮ್ಮ ಸೆರಗಿನಿಂದ ಹಣೆ ಒರೆಸಿದಳು, ಅವನನ್ನು ಕೂರಿಸಿ ತನ್ನ ಎರಡೂ ಮೊಣಕಾಲಿನ ನಡುವೆ ಅವುಚಿಕೊಂಡಳು. "ಚುಚ್ರಿ ಅಕ್ಕಾರ, ಈ ಟಗರು ಭಾಳ ದಿನದಿಂದ ತಪ್ಪಿಸ್ಕೊಂಡೈತಿ." ಸೂಜಿ ಇನ್ನೂ ಗೇಣು ದೂರ ಇರುವಾಗಲೇ ಜಂಬಣ್ಣ ಕೂಗಿದ ಕೂಗಿಗೆ ಹಟ್ಟಿಯ ಕುರಿಗಳೆಲ್ಲ ಓಗೊಟ್ಟವು, ಮಕ್ಕಳು ಕುಣಿದರು. ಎಲ್ಲ ಮುಗಿದ ಮೇಲೆ ನಾಗಲಿಂಗಮ್ಮ ಕುಡುಗೋಲು ಎತ್ತಿಕೊಂಡು ಹೊಲಕ್ಕೆ ಹೊರಟಳು. ಜಂಬಣ್ಣ ಮೂಗು ಒರೆಸಿಕೊಳ್ಳುತ್ತ ಅವಳ ರಟ್ಟೆ ಹಿಡಿದ. "ಈಕಿಗೂ ಹಾಕ್ರಿ ಅಕ್ಕಾರ. ಊರಿಗೆಲ್ಲ ಹಾಕಿಸ್ದೆ, ಈಕಿನ್ನ ಯಾರೂ ಕರೀಲಿಲ್ಲ. ಈಕಿಗೇನಾರ ಆದ್ರ ಮುಂದಿನ ಸಲ ನನ್ನ ಹಿಡ್ಕೊಳೋರು ಯಾರದಾರ್ರಿ?"