ಪಂಪಾಪತಿಯ ಹಳದಿ ಹಿಡಿಕೆಯ ಸ್ಕ್ರೂಡ್ರೈವರ್

ಮಸ್ಕಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವ ಪಂಪಾಪತಿಗೆ ಕೆಟ್ಟ ಯಂತ್ರ ಕಂಡರೆ ಕೈ ತುರಿಸುತ್ತದೆ. ಕೆಡದ ಯಂತ್ರ ಕಂಡರೂ ತುರಿಸುತ್ತದೆ ಎನ್ನುವುದು ಹೆಂಡತಿ ಸುರೇಖಾಳ ದೂರು. ಅವನು ಬಿಚ್ಚಿ ಜೋಡಿಸಿದ ಮೇಲೆ ಉಳಿಯುವ ಸ್ಕ್ರೂಗಳನ್ನು ಆಕೆ ಉಪ್ಪಿನಕಾಯಿ ಬಾಟಲಿಯಲ್ಲಿ ಕೂಡಿಡುತ್ತ ಬಂದಿದ್ದಾಳೆ. ಬಾಟಲಿ ಈಗ ಕಂಠಮಟ್ಟ ತುಂಬಿದೆ.

ಗೊರೇಬಾಳದಲ್ಲಿ ಅವಳ ಅಕ್ಕ ಪದ್ಮಾವತಿಯ ಬಸುರಿ ಮಗಳು ದೀಪಿಕಾಳ ಕುಬಸಕ್ಕೆ ದಿನ ಗೊತ್ತಾಗಿತ್ತು. ಹೊಸದಾಗಿ ಡ್ರೈವಿಂಗ್ ಕಲಿತ ಸುರೇಖಾ, ತಾನೇ ಕಾರು ಓಡಿಸಿಕೊಂಡು ಬರುತ್ತೇನೆಂದು ಬಳಗಕ್ಕೆಲ್ಲ ಸಾರಿಬಿಟ್ಟಿದ್ದಳು. ಹಿಂದಿನ ದಿನ ನೋಡಿದರೆ ಬ್ಯಾಟರಿ ಪೂರ್ತಿ ಇಳಿದಿತ್ತು. ಅಗ್ಗದ ಚಾರ್ಜರ್ ಹಚ್ಚಿದರೆ ಅದು ಗುಂಯ್ ಅನ್ನುತ್ತಿತ್ತು, ಮೀಟರಿನ ಮುಳ್ಳು ಮಾತ್ರ ಸೊನ್ನೆ ಬಿಟ್ಟು ಏಳಲಿಲ್ಲ.

“ಅಖ್ತರಣ್ಣನ ಗ್ಯಾರೇಜಿಗೆ ಒಯ್ರಿ,” ಅಂದಳು ಸುರೇಖಾ.

“ಮನ್ಯಾಗ ನಾ ಇರೋವಾಗ ಅಖ್ತರ್ ಯಾಕಬೇಕು?”

“ಹಂಗಾರ ಒಂದು ಮಾತು. ಸಂಜಿತನಕ ಟೈಮ್. ನಿಮ್ಮ ಕೈಲೆ ಆಗಲಿಲ್ಲಂದ್ರ ಆ ಸ್ಕ್ರೂಡ್ರೈವರ್ ನನಗ ಕೊಡಬೇಕು. ತಿರುಗಿ ಕೇಳಬಾರದು.”

ಜಂಬದಲ್ಲಿ ಒಪ್ಪಿದ. ಒಪ್ಪಿದ ಮೇಲೆ ಪೇಚಾಡಿದ. ಹಳದಿ ಹಿಡಿಕೆಯ ಆ ಸ್ಕ್ರೂಡ್ರೈವರ್ ಇಲ್ಲದ ರಜಾದಿನವನ್ನು ಊಹಿಸಿಕೊಳ್ಳುವುದೂ ಅವನಿಂದ ಆಗದು.

ಪ್ಲಗ್ ಕಿತ್ತು ಪೆಟ್ಟಿಗೆ ಬಿಚ್ಚಿದ. ಫ್ಯೂಸ್ ಸರಿಯಿತ್ತು, ಡಯೋಡುಗಳೂ ನೆಟ್ಟಗಿದ್ದವು. ಕರೆಂಟು ಪೆಟ್ಟಿಗೆಯಿಂದ ಹೊರಡುವುದೇನೋ ಹೊರಡುತ್ತಿತ್ತು, ಬ್ಯಾಟರಿಗೆ ಬಂದು ಮುಟ್ಟುತ್ತಿರಲಿಲ್ಲ. ಹಾಗಾದರೆ ನಡುವಿನ ವೈರೇ ಒಳಗೆ ತುಂಡಾಗಿದೆ ಎಂದು ತೀರ್ಮಾನಿಸಿ, ಹೊಸ ವೈರ್ ಹಾಕಿ, ತುದಿಗೆ ಬ್ಯಾಟರಿ ಕಚ್ಚುವ ಹಳೆಯ ಕ್ಲಿಪ್ಪುಗಳನ್ನೇ ಸಿಕ್ಕಿಸಿದ. ಮುಳ್ಳು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಮಾರಿದವನನ್ನು ಬೈದ, ತಯಾರಿಸಿದವನ ವಂಶವನ್ನೂ ಬಿಡಲಿಲ್ಲ.

ಸಂಜೆ ಸುರೇಖಾ ಆರತಿ ತಟ್ಟೆಯನ್ನು ಹುಣಸೆಹಣ್ಣಿನಿಂದ ತಿಕ್ಕುತ್ತ ಬಂದು ಬಗ್ಗಿ ನೋಡಿದಳು.

“ಕ್ಲಿಪ್ಪಿನ ಬಾಯಾಗ ಬೆಳ್ಳಗ ಅದೇನ್ರಿ?”

“ವಿಭೂತಿ. ಅಮಾಸಿ ಪೂಜಿದು. ಒರಸಬ್ಯಾಡ.”

ಅಮಾವಾಸ್ಯೆ ಬಂದರೆ ಮನೆಯ ಯಂತ್ರಗಳಿಗೆಲ್ಲ ವಿಭೂತಿ ಕಲಸಿ ಬಳಿಯುವುದು ಪಂಪಾಪತಿಯ ನೇಮ. ಹಚ್ಚಿದ್ದನ್ನು ಒರೆಸಬಾರದು ಎನ್ನುವುದೂ ಅವನದೇ ಕಾನೂನು. ಚಾರ್ಜರಿನ ಮೇಲೆ ಭಕ್ತಿ ಕೊಂಚ ಹೆಚ್ಚಾಗಿ, ಕ್ಲಿಪ್ಪುಗಳ ಬಾಯಿ ತೆರೆದು ಒಳಗೂ ಮೆತ್ತುತ್ತಿದ್ದ. ಪದರದ ಮೇಲೆ ಪದರ ಒಣಗಿ ಗೋಡೆಯ ಗಾರೆಯಂತಾಗಿತ್ತು.

ಸುರೇಖಾ ಪ್ಲಗ್ ತೆಗೆಸಿದಳು. ಕ್ಲಿಪ್ಪಿನ ಹಲ್ಲುಗಳನ್ನು ಹುಣಸೆಹಣ್ಣಿನಿಂದ ತಿಕ್ಕಿ, ತೊಳೆದು, ಒಣಬಟ್ಟೆಯಲ್ಲಿ ಒರೆಸಿ ಬ್ಯಾಟರಿಗೆ ಕಚ್ಚಿಸಿದಳು. ಸ್ವಿಚ್ ಹಾಕಿದ್ದೇ ತಡ, ಮುಳ್ಳು ಎದ್ದು ನಿಂತಿತು.

“ಪೂಜಿ ಮ್ಯಾಲ ಮಾಡ್ರಿ. ಬಾಯಾಗ ತುರಕಬ್ಯಾಡ್ರಿ,” ಎಂದು ಕೈ ಚಾಚಿದಳು.

ಪಂಪಾಪತಿ ಸ್ಕ್ರೂಡ್ರೈವರ್ ಕೊಟ್ಟ. ಅವತ್ತು ಅವನಿಗೆ ಊಟ ಸೇರಲಿಲ್ಲ.

ಮರುದಿನ ಕಾರು ಒಂದೇ ಸಲಕ್ಕೆ ಶುರುವಾಯಿತು. ಸಿಂಧನೂರು ದಾಟಿ ಗೊರೇಬಾಳದವರೆಗೂ ಸುರೇಖಾಳೇ ಓಡಿಸಿದಳು. ಪಂಪಾಪತಿ ಹೂವು ಬಳೆಗಳ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತಿದ್ದ.

ಅಡುಗೆಮನೆಯಲ್ಲಿ ಪದ್ಮಾವತಿಯ ಮಿಕ್ಸರ್ ಚಟ್ನಿ ಅರೆಯುತ್ತಿದ್ದಾಗಲೇ ನಿಂತುಬಿಟ್ಟಿತು. ಎಲ್ಲರೂ ಪಂಪಾಪತಿಯತ್ತ ತಿರುಗಿದರು. ಅವನು ಎರಡೂ ಕೈ ಜೇಬಿಗಿಳಿಸಿ ಕಿಟಕಿಯಾಚೆಯ ಭತ್ತದ ಗದ್ದೆ ನೋಡತೊಡಗಿದ.

ಮೊಣಕೈಗೆ ಏನೋ ತಾಗಿತು. ಸುರೇಖಾ ಬ್ಯಾಗಿನಿಂದ ಹಳದಿ ಹಿಡಿಕೆ ಹೊರತೆಗೆದಿದ್ದಳು.

“ತಗೋರಿ. ಮೊದಲ ಹೊರಗ ನೋಡ್ರಿ, ಆಮ್ಯಾಲ ಬಿಚ್ಚರಿ.”

ಅವನು ಪ್ಲಗ್ ನೋಡಿದ, ಸ್ವಿಚ್ ನೋಡಿದ, ಆಮೇಲೆ ಸಂತೋಷದಿಂದ ಬಿಚ್ಚಿದ. ತುಸು ಹೊತ್ತಿನಲ್ಲೇ ಮಿಕ್ಸರ್ ಗಿರ್ರೆಂದು ತಿರುಗಿತು. ಪಂಪಾಪತಿ ಯಾರಿಗೂ ಕಾಣದಂತೆ ಮುಷ್ಟಿಯನ್ನು ಜೇಬಿನತ್ತ ಒಯ್ದ.

ಸುರೇಖಾ ಅವನ ಮುಖ ನೋಡದೆಯೇ ಅಂಗೈ ಚಾಚಿದಳು. ಅವನು ಅದರಲ್ಲಿ ಒಂದು ಸ್ಕ್ರೂ ಇಟ್ಟ.